ಅಂಕಿತವಿಲ್ಲದ ಹಾಡುಗಳು: ಓಟಿಸ್ ಬ್ಲ್ಯಾಕ್‌ವೆಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಕೂಡಿ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತೇವೆ. ಬರುವವರಲ್ಲಿ ಭಜನಾ ಮೇಳದವರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ, ಇಂಡಿ ಮತ್ತು ಸಿಂದಗಿಯಿಂದ ಬಸ್ಸು ಹಿಡಿದು ಬರುವ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ಹಿಂದುಸ್ತಾನಿ ಗಾಯನ ಮತ್ತು ಕಂಪನಿ ನಾಟಕದ ಪದಗಳ ನಡುವೆ ಒಮ್ಮೆ ಅಮೆರಿಕದ ಓಟಿಸ್ ಬ್ಲ್ಯಾಕ್‌ವೆಲ್ ಅವರ ಹಾಡುಗಳನ್ನು ಕೇಳಿಸಿದೆ. ಅಂದಿನಿಂದ ಕೂಟಕ್ಕೆ ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಎದುರಾಗುತ್ತಿರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಓಟಿಸ್ ಬ್ಲ್ಯಾಕ್‌ವೆಲ್ ಯಾರು?

ಅವರು 1931ರ ಫೆಬ್ರುವರಿ 16ರಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕಪ್ಪು ಜನಾಂಗದ ಹಾಡುಗಾರರು. ಹಾಡುಗಾರರಾಗಬೇಕೆಂದು ಹೊರಟು, ಕೊನೆಗೆ ಬೇರೆಯವರಿಗಾಗಿ ಹಾಡು ಕಟ್ಟುವವರಾಗಿ ಬದುಕಿದರು. ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಕಟ್ಟಿದರೆಂದು ಹೇಳಲಾಗುತ್ತದೆ. ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ 2002ರ ಮೇ 6ರಂದು ನಿಧನರಾದರು.

ನಾನು ಅವರ ಹೆಸರನ್ನೇ ಕೇಳಿಲ್ಲ. ಅವರ ಹಾಡನ್ನು ಕೇಳಿರಲು ಸಾಧ್ಯವೇ?

ಇಂಗ್ಲಿಷ್ ಹಾಡುಗಳ ಪರಿಚಯ ಸ್ವಲ್ಪವೇ ಇದ್ದರೂ ಖಂಡಿತ ಕೇಳಿರುತ್ತೀರಿ. ಎಲ್ವಿಸ್ ಪ್ರೆಸ್ಲಿ ಹಾಡಿದ ‘ಡೋಂಟ್ ಬಿ ಕ್ರೂಯೆಲ್’, ‘ಆಲ್ ಶುಕ್ ಅಪ್’ ಮತ್ತು ‘ರಿಟರ್ನ್ ಟು ಸೆಂಡರ್’, ಜೆರಿ ಲೀ ಲೂಯಿಸ್ ಹಾಡಿದ ‘ಗ್ರೇಟ್ ಬಾಲ್ಸ್ ಆಫ್ ಫೈರ್’ ಮತ್ತು ‘ಬ್ರೆತ್‌ಲೆಸ್’, ಲಿಟ್ಲ್ ವಿಲಿ ಜಾನ್ ಹಾಡಿ ಪೆಗ್ಗಿ ಲೀ ಮತ್ತೊಮ್ಮೆ ಹಾಡಿದ ‘ಫೀವರ್’, ಜಿಮ್ಮಿ ಜೋನ್ಸ್ ಹಾಡಿದ ‘ಹ್ಯಾಂಡಿ ಮ್ಯಾನ್’ ಇವೆಲ್ಲವೂ ಅವರು ಒಬ್ಬರೇ ಕಟ್ಟಿದ ಅಥವಾ ಇತರರೊಡನೆ ಕೂಡಿ ಕಟ್ಟಿದ ಹಾಡುಗಳು. ನಮ್ಮ ಕೂಟದಲ್ಲಿ ಮೊದಲ ದಿನ ನಾನು ಹೆಸರು ಹೇಳದೆ ನಾಲ್ಕು ಹಾಡು ಕೇಳಿಸಿ, ಇವುಗಳಲ್ಲಿ ಸಮಾನವಾದದ್ದು ಏನು ಎಂದು ಕೇಳಿದ್ದೆ. ಎಲ್ಲರೂ ಹಾಡಿದವರ ಹೆಸರುಗಳನ್ನೇ ಊಹಿಸಿದರು. ಹಾಡು ಕಟ್ಟಿದವನು ಒಬ್ಬನೇ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಅವರು ಬರೆದದ್ದು ಸಾಹಿತ್ಯವನ್ನೋ, ಧಾಟಿಯನ್ನೋ?

ಬಹುಮಟ್ಟಿಗೆ ಎರಡನ್ನೂ. ಈ ವಿಷಯದಲ್ಲಿ ಅವರು ನಮ್ಮ ಲಾವಣಿಕಾರರಿಗೆ ಹತ್ತಿರದವರು. ನಮ್ಮ ಸಿನಿಮಾದ ರೂಢಿಯಂತೆ ಸಾಹಿತ್ಯಕ್ಕೆ ಒಬ್ಬರು, ಸಂಗೀತಕ್ಕೆ ಒಬ್ಬರು ಎಂಬ ವಿಂಗಡಣೆ ಅವರಿಗೆ ಹೊಂದುವುದಿಲ್ಲ.

ಅವರು ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದರಂತೆ, ನಿಜವೇ?

ನಿಜ. ಹಾರ್ಲೆಮ್‌ನ ಅಪೋಲೋ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಯಲ್ಲಿ 1952ರಲ್ಲಿ ಗೆದ್ದು, ಒಂದೆರಡು ಕಂಪನಿಗಳಿಗೆ ಹಾಡಿದ ಮೇಲೂ ಹೊಟ್ಟೆಪಾಡಿಗಾಗಿ ಅವರು ದರ್ಜಿಯ ಅಂಗಡಿಯಲ್ಲಿ ಪ್ಯಾಂಟುಗಳಿಗೆ ಇಸ್ತ್ರಿ ಮಾಡುತ್ತಿದ್ದರು. ಅದಕ್ಕೂ ಮುಂಚೆ ರಂಗಮಂದಿರವೊಂದರ ನೆಲ ಗುಡಿಸಿದ್ದೂ ಉಂಟು. ಮಗ್ಗದ ಮುಂದೆ ಕುಳಿತು ಪದ ಹೇಳಿಕೊಳ್ಳುವವರನ್ನು ಇಳಕಲ್ಲಿನಲ್ಲೂ ಗುಳೇದಗುಡ್ಡದಲ್ಲೂ ಕಂಡವರಿಗೆ ಇದರಲ್ಲಿ ಸೋಜಿಗವೇನೂ ಕಾಣದು.

ಅವರು ಬೇರೆ ಬೇರೆ ಬಗೆಯ ಸಂಗೀತಗಳನ್ನು ಬೆರೆಸಿದರು ಎನ್ನುತ್ತೀರಿ. ಏನನ್ನು, ಹೇಗೆ ಬೆರೆಸಿದರು?

ಇದಕ್ಕೆ ಉತ್ತರಿಸಬೇಕಾದರೆ ಆ ಕಾಲದ ಅಮೆರಿಕದ ಸಂಗೀತ ವ್ಯಾಪಾರವನ್ನು ಸ್ವಲ್ಪ ತಿಳಿಯಬೇಕು. ಧ್ವನಿಮುದ್ರಿಕೆಗಳನ್ನು ಮಾರುವವರು ಹಾಡುಗಳನ್ನು ಕೇಳುಗರ ಮೈಬಣ್ಣದಂತೆ ಬೇರೆ ಬೇರೆ ಕಪಾಟುಗಳಲ್ಲಿ ಇಟ್ಟಿದ್ದರು. ಕಪ್ಪು ಜನರ ಸಂಗೀತಕ್ಕೆ ಬಹುಕಾಲ ‘ರೇಸ್ ರೆಕಾರ್ಡ್ಸ್’ ಎಂಬ ಹೆಸರಿತ್ತು, ಅದರ ಬದಲು ‘ರಿದಮ್ ಅಂಡ್ ಬ್ಲೂಸ್’ ಎಂದು ಬಿಲ್‌ಬೋರ್ಡ್ ಪತ್ರಿಕೆ ಕರೆಯತೊಡಗಿದ್ದು 1949ರಲ್ಲಿ. ದಕ್ಷಿಣದ ಹಳ್ಳಿಗಳ ಬಿಳಿಯರ ಸಂಗೀತ ‘ಕಂಟ್ರಿ’ ಆಯಿತು. ಉಳಿದ ಜನಪ್ರಿಯ ಹಾಡುಗಳು ‘ಪಾಪ್’ ಆದವು. ಪ್ರತಿಯೊಂದಕ್ಕೂ ಪ್ರತ್ಯೇಕ ಜನಪ್ರಿಯತೆಯ ಪಟ್ಟಿ ಇತ್ತು. ಒಂದು ಪಟ್ಟಿಯ ಹಾಡುಗಾರ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದು ಅಪರೂಪವಾಗಿತ್ತು.

ಬ್ಲ್ಯಾಕ್‌ವೆಲ್ ಬೆಳೆದದ್ದು ಬ್ಲೂಸ್ ಎಂಬ ಕಪ್ಪು ಜನರ ಹಾಡುಗಳನ್ನು ಹಾಡುವವರ ನಡುವೆ. ಆದರೆ ಅವರಿಗೆ ಎಳವೆಯಲ್ಲಿ ಹುಚ್ಚು ಹಿಡಿಸಿದ್ದು ಸಿನಿಮಾ ಪರದೆಯ ಮೇಲೆ ಕುದುರೆಯೇರಿ ಹಾಡುತ್ತಿದ್ದ ಬಿಳಿಯ ಕೌಬಾಯ್ ಗಾಯಕ ಟೆಕ್ಸ್ ರಿಟರ್. ಹೀಗಾಗಿ ಅವರ ಹಾಡುಗಳಲ್ಲಿ ಬ್ಲೂಸ್‌ನ ತೂಗುವ ಲಯವೂ ಕಂಟ್ರಿಯ ನೇರವಾದ, ಮಾತಿಗೆ ಹತ್ತಿರವಾದ ಧಾಟಿಯೂ ಒಟ್ಟಿಗೆ ಬರುತ್ತವೆ. ‘ಡೋಂಟ್ ಬಿ ಕ್ರೂಯೆಲ್’ ಹಾಡನ್ನು ಲಕ್ಷ್ಯವಿಟ್ಟು ಕೇಳಿ: ಕೆಳಗೆ ಬಾಸ್ ವಾದ್ಯ ನಡೆಯುವ ಠೀವಿ ಬ್ಲೂಸ್‌ನದು, ಮೇಲಿನ ಧಾಟಿಯನ್ನು ಯಾವ ಕಂಟ್ರಿ ಗಾಯಕನೂ ಹಾಡಿಕೊಳ್ಳಬಹುದು, ಹಿಂದೆ ದನಿಗೂಡಿಸುವ ಜೋರ್ಡನೇರ್ಸ್ ತಂಡ ಚರ್ಚಿನ ಭಕ್ತಿಗೀತೆಗಳಲ್ಲಿ ಪಳಗಿದ್ದು. ಭಜನೆಯ ಹಿಮ್ಮೇಳ ಬಲ್ಲವರು ಇದನ್ನು ಮೊದಲ ಸಲವೇ ಗುರುತಿಸುತ್ತಾರೆ. ಈ ಹಾಡು 1956ರಲ್ಲಿ ಪಾಪ್, ಕಂಟ್ರಿ, ರಿದಮ್ ಅಂಡ್ ಬ್ಲೂಸ್ ಮೂರೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಕಪಾಟುಗಳನ್ನು ಬೇರೆ ಮಾಡಿದವರು ವ್ಯಾಪಾರಿಗಳೇ ಹೊರತು ಕೇಳುಗರಲ್ಲ ಎಂಬುದು ಇದರಿಂದ ಬಯಲಾಯಿತೆಂದು ನಾನು ತಿಳಿದಿದ್ದೇನೆ.

ಹಾಗೆ ಬೆರೆಸುವುದು ಸರಿಯೇ ಎಂದು ಒಬ್ಬ ಹಿರಿಯರು ಕೇಳಿದ್ದರು. ಸರಸ್ವತಿಯನ್ನೂ ಸೂಫಿ ಸಂತ ಬಂದೇನವಾಜರನ್ನೂ ಒಂದೇ ಉಸಿರಿನಲ್ಲಿ ನೆನೆದು ದಖನಿಯಲ್ಲಿ ಪದ ಕಟ್ಟಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಊರಿನಲ್ಲಿ ಈ ಪ್ರಶ್ನೆ ಏಳಬಾರದಿತ್ತು.

ಆರು ಹಾಡುಗಳನ್ನು ಬಿಡಿಗಾಸಿಗೆ ಮಾರಿದರೆಂಬ ಕತೆ ಏನು?

ಅದು 1955ರ ಡಿಸೆಂಬರ್ 24, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ. ಕೈಯಲ್ಲಿ ಕಾಸಿಲ್ಲದ ಬ್ಲ್ಯಾಕ್‌ವೆಲ್ ನ್ಯೂಯಾರ್ಕಿನ ಶಾಲಿಮಾರ್ ಮ್ಯೂಸಿಕ್ ಎಂಬ ಪ್ರಕಾಶನ ಸಂಸ್ಥೆಗೆ ತಮ್ಮ ಆರು ಹಾಡುಗಳನ್ನು ತಲಾ 25 ಡಾಲರಿಗೆ, ಅಂದರೆ ಒಟ್ಟು 150 ಡಾಲರಿಗೆ ಕೊಟ್ಟರು. ಆ ಆರರಲ್ಲಿ ‘ಡೋಂಟ್ ಬಿ ಕ್ರೂಯೆಲ್’ ಒಂದಾಗಿತ್ತು. ಎಂಟು ತಿಂಗಳೊಳಗೆ ಅದು ದೇಶದ ಎಲ್ಲ ರೇಡಿಯೋಗಳಲ್ಲಿತ್ತು. ಅದೇ ಮುದ್ರಿಕೆಯ ಇನ್ನೊಂದು ಮಗ್ಗುಲಿನಲ್ಲಿ ‘ಹೌಂಡ್ ಡಾಗ್’ ಇತ್ತು, ಆ ಮುದ್ರಿಕೆ ಹನ್ನೊಂದು ವಾರ ಮೊದಲ ಸ್ಥಾನದಿಂದ ಕದಲಲಿಲ್ಲ.

ಹಬ್ಬ ಬಂತೆಂದು ಜೋಳದ ರಾಶಿಯನ್ನು ಕಣದಲ್ಲೇ ಮಾರಿದ ಒಕ್ಕಲಿಗನ ನೆನಪು ನಮ್ಮಲ್ಲಿ ಹಲವರಿಗೆ ಬಂತು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಆ 25 ಡಾಲರಿಗೆ ಅವರ ಕರ್ತೃತ್ವ ಪೂರ್ತಿಯಾಗಿ ಅಳಿದು ಹೋಗಲಿಲ್ಲ, ಹಾಡಿನ ಕೆಳಗೆ ಅವರ ಹೆಸರು ಉಳಿಯಿತು. ಆದರೆ ಒಂಟಿಯಾಗಿ ಉಳಿಯಲಿಲ್ಲ.

‘ಡೋಂಟ್ ಬಿ ಕ್ರೂಯೆಲ್’ ಬರೆದವರ ಹೆಸರಿನಲ್ಲಿ ಎಲ್ವಿಸ್ ಪ್ರೆಸ್ಲಿಯೂ ಇದ್ದಾರಲ್ಲ? ಅವರೂ ಬರೆದರೇ?

ಬರೆಯಲಿಲ್ಲ. ಎಲ್ವಿಸ್ ಅವರ ಹಾಡುಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಪ್ರಕಾಶಕರದು ಒಂದು ಷರತ್ತಿತ್ತು: ಎಲ್ವಿಸ್ ನಿಮ್ಮ ಹಾಡನ್ನು ಹಾಡಬೇಕಾದರೆ ಅದರ ಹಕ್ಕಿನಲ್ಲಿ ಪಾಲು ಕೊಡಬೇಕು. ಪಾಲಿನ ಜೊತೆಗೆ ಹೆಸರೂ ಹೋಯಿತು. ‘ಆಲ್ ಶುಕ್ ಅಪ್’ ಮತ್ತು ‘ಪ್ಯಾರಲೈಸ್ಡ್’ ಹಾಡುಗಳಲ್ಲೂ ಹೀಗೆಯೇ ಆಯಿತು. ಬ್ಲ್ಯಾಕ್‌ವೆಲ್ ಮೊದಲು ಹಿಂಜರಿದು, ಆಮೇಲೆ ಒಪ್ಪಿದರು.

ಇದನ್ನು ಕಳವು ಎನ್ನಬಹುದೇ ಎಂದು ನಮ್ಮ ಕೂಟದಲ್ಲಿ ದೊಡ್ಡ ವಾದವೇ ನಡೆಯಿತು. ಒಂದು ಹಾಡಿನ ಅರ್ಧ ಕೊಟ್ಟು ಉಳಿದರ್ಧದಿಂದ ಜೀವನ ಸಾಗಿಸುವುದು, ಯಾರೂ ಕೇಳದ ಹಾಡನ್ನು ಇಡಿಯಾಗಿ ಇಟ್ಟುಕೊಳ್ಳುವುದಕ್ಕಿಂತ ಮೇಲೆಂದು ವ್ಯವಹಾರ ಬಲ್ಲವರು ಹೇಳಿದರು. ಬ್ಲ್ಯಾಕ್‌ವೆಲ್ ಅವರ ಲೆಕ್ಕವೂ ಹೆಚ್ಚುಕಡಿಮೆ ಅದೇ ಆಗಿತ್ತು, ಮತ್ತು ಆ ಲೆಕ್ಕ ತಪ್ಪಲಿಲ್ಲ. ನಾನು ಹಣದ ಮಾತನ್ನು ಒಪ್ಪುತ್ತೇನೆ, ಹೆಸರಿನ ಮಾತನ್ನು ಒಪ್ಪುವುದಿಲ್ಲ. ಪಾಲು ಬೇಕಿದ್ದರೆ ಪಾಲುದಾರ ಎಂದು ಬರೆಸಿಕೊಳ್ಳಬಹುದಿತ್ತು, ಹಾಡು ಕಟ್ಟಿದವನೆಂದು ಬರೆಸಿಕೊಳ್ಳಬೇಕಾಗಿರಲಿಲ್ಲ. ಮುದ್ರಿಕೆಯ ನಡುವಿನ ಕಾಗದದ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರುವ ಆ ಹೆಸರನ್ನು ಓದುವವರೇ ಕಡಿಮೆ. ಓದಿದವರ ಕಣ್ಣಿಗೂ ಎರಡರಲ್ಲಿ ಪರಿಚಯದ ಹೆಸರೇ ಮೊದಲು ಬೀಳುತ್ತದೆ.

ಎಲ್ವಿಸ್ ಅವರು ಬ್ಲ್ಯಾಕ್‌ವೆಲ್ ಅವರ ಹಾಡುಗಾರಿಕೆಯನ್ನೇ ಅನುಕರಿಸಿದರಂತೆ?

ಹಾಡನ್ನು ಪ್ರಕಾಶಕರಿಗೆ ಕೊಡುವಾಗ ಮಾದರಿ ಮುದ್ರಿಕೆಯೊಂದನ್ನು, ಅಂದರೆ ಡೆಮೊ ಒಂದನ್ನು ಮಾಡಿ ಕೊಡುವುದು ಪದ್ಧತಿ. ಬ್ಲ್ಯಾಕ್‌ವೆಲ್ ತಮ್ಮ ಡೆಮೊಗಳನ್ನು ತಾವೇ ಹಾಡುತ್ತಿದ್ದರು. ಎಲ್ಲಿ ದನಿಯನ್ನು ಬಿಕ್ಕಿದಂತೆ ತುಂಡರಿಸಬೇಕು, ಎಲ್ಲಿ ಮಾತನ್ನು ನುಂಗಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದೆಲ್ಲ ಅವುಗಳಲ್ಲೇ ಇರುತ್ತಿತ್ತು, ಮತ್ತು ಎಲ್ವಿಸ್ ಆ ಡೆಮೊಗಳ ಜಾಡಿನಲ್ಲೇ ಹಾಡಿದರು. ಗುರುವಿನ ದನಿಯ ಮೊಟಕುಗಳನ್ನೂ ಶಿಷ್ಯ ಕಲಿಯುವುದು ಗಾಯನದ ಊರುಗಳಲ್ಲಿ ಹುಟ್ಟಿದ ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ಶಿಷ್ಯ ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾನೆ. ಎಲ್ವಿಸ್ ಅಸಾಮಾನ್ಯ ಗಾಯಕರೆಂಬುದರಲ್ಲಿ ನನಗೆ ಸಂದೇಹವಿಲ್ಲ, ಅದೇ ಡೆಮೊವನ್ನು ಇನ್ನೊಬ್ಬರು ಕೇಳಿ ಹಾಡಿದ್ದರೆ ಅದು ಆ ಹಾಡು ಆಗುತ್ತಿರಲಿಲ್ಲ.

ಅವರಿಬ್ಬರ ಭೇಟಿ ಯಾವಾಗ ಆಯಿತು?

ಆಗಲೇ ಇಲ್ಲ.

‘ಆಲ್ ಶುಕ್ ಅಪ್’ ಹಾಡು ಸೋಡಾ ಬಾಟಲಿಯಿಂದ ಹುಟ್ಟಿತೇ?

ಬ್ಲ್ಯಾಕ್‌ವೆಲ್ ಅವರು ಹೇಳುತ್ತಿದ್ದ ಕತೆ ಇದು. ಶಾಲಿಮಾರ್ ಸಂಸ್ಥೆಯ ಪಾಲುದಾರರೊಬ್ಬರು ಪೆಪ್ಸಿ ಬಾಟಲಿಯನ್ನು ಅಲುಗಾಡಿಸುತ್ತ ಬಂದು, ಇದರ ಮೇಲೊಂದು ಹಾಡು ಬರಿ ನೋಡೋಣ ಎಂದರಂತೆ. ಬುರುಗು ಏಳುವ ಬಾಟಲಿ ಪ್ರೇಮದಲ್ಲಿ ನಡುಗುವ ಹುಡುಗನಾಯಿತು. ಬಿಲ್‌ಬೋರ್ಡ್ ಪತ್ರಿಕೆಯ ವರ್ಷಾಂತ್ಯದ ಲೆಕ್ಕದಲ್ಲಿ 1957ರ ಅತ್ಯಂತ ಜನಪ್ರಿಯ ಹಾಡು ಇದೇ.

‘ಫೀವರ್’ ಹಾಡಿನ ಮೇಲೆ ಜಾನ್ ಡ್ಯಾವನ್‌ಪೋರ್ಟ್ ಎಂದಿದೆ. ಹಾಗಾದರೆ ಅದು ಬ್ಲ್ಯಾಕ್‌ವೆಲ್ ಅವರದಲ್ಲವೇ?

ಜಾನ್ ಡ್ಯಾವನ್‌ಪೋರ್ಟ್ ಎಂದರೆ ಅವರೇ. ಆಗ ಅವರು ಬೇರೊಬ್ಬ ಪ್ರಕಾಶಕರ ಕರಾರಿಗೆ ಕಟ್ಟುಬಿದ್ದಿದ್ದರಿಂದ, ಎಡ್ಡಿ ಕೂಲಿ ಅವರೊಡನೆ ಬರೆದ ಈ ಹಾಡಿಗೆ ತಮ್ಮ ಮಲತಂದೆಯ ಹೆಸರನ್ನು ಹಾಕಿದರು. ಲಿಟ್ಲ್ ವಿಲಿ ಜಾನ್ ಇದನ್ನು 1956ರಲ್ಲಿ, ಹದಿನೆಂಟರ ಹರೆಯದಲ್ಲಿ, ಹಾಡಿದರು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನ ಪಡೆಯಿತು.

ಎರಡು ವರ್ಷದ ನಂತರ ಪೆಗ್ಗಿ ಲೀ ಅದೇ ಹಾಡಿನ ವಾದ್ಯಗಳನ್ನೆಲ್ಲ ಕಳಚಿ ಬಾಸ್, ಒಂದಿಷ್ಟು ಡ್ರಮ್ ಮತ್ತು ಬೆರಳ ಚಿಟಿಕೆ ಇಷ್ಟನ್ನೇ ಉಳಿಸಿಕೊಂಡು ಹಾಡಿದರು. ರೋಮಿಯೋ ಜೂಲಿಯೆಟ್ ಮೊದಲಾದವರ ಪ್ರಸ್ತಾಪವಿರುವ ನುಡಿಗಳು ಅವರು ಹೊಸದಾಗಿ ಸೇರಿಸಿದವು, ಆದರೆ ಹಕ್ಕಿನ ದಾಖಲೆಯಲ್ಲಿ ಅವರ ಹೆಸರು ಬರಲಿಲ್ಲ. ಒಬ್ಬರ ಹಾಡಿಗೆ ಬರೆಯದವರ ಹೆಸರು ಅಂಟಿಕೊಂಡಂತೆ, ಇಲ್ಲಿ ಬರೆದವರ ಸಾಲುಗಳು ಬೇರೆಯವರ ಹೆಸರಿನಡಿ ಸೇರಿಹೋದವು. ಈ ಸಲ ಲಾಭ ಬ್ಲ್ಯಾಕ್‌ವೆಲ್ ಅವರ ಕಡೆಗೇ ಬಂತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

‘ಗ್ರೇಟ್ ಬಾಲ್ಸ್ ಆಫ್ ಫೈರ್’ನಲ್ಲಿ ಕೇಳುವ ಮರುದನಿ ಎಲ್ಲಿಯದು?

ಗೋಳಗುಮ್ಮಟದ ಊರಿನವರು ಕೇಳಲೇಬೇಕಾದ ಪ್ರಶ್ನೆ. ಆ ಹಾಡು 1957ರ ಅಕ್ಟೋಬರಿನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಮುದ್ರಣವಾಯಿತು. ಸ್ಟುಡಿಯೋದ ಒಡೆಯ ಸ್ಯಾಮ್ ಫಿಲಿಪ್ಸ್ ದನಿಯನ್ನು ಇನ್ನೊಂದು ಟೇಪ್ ಯಂತ್ರದ ಮೂಲಕ ಹಾಯಿಸಿ, ಅದು ಕ್ಷಣದ ಭಾಗದಷ್ಟು ತಡವಾಗಿ ಮೂಲ ದನಿಯ ಬೆನ್ನಿಗೇ ಬರುವಂತೆ ಮಾಡುತ್ತಿದ್ದರು. ಗುಮ್ಮಟದೊಳಗೆ ಒಂದು ಚಪ್ಪಾಳೆ ಹಲವು ಸಲ ಮರಳುತ್ತದೆ, ಅಲ್ಲಿ ಮರಳುವುದು ಒಂದೇ ಸಲ, ಅದೂ ಚಾಟಿಯ ಏಟಿನಂತೆ.

ಹಾಡಿನ ಶೀರ್ಷಿಕೆಯನ್ನು ತಂದವರು ಜ್ಯಾಕ್ ಹ್ಯಾಮರ್, ಅದರ ಮೇಲೆ ಹಾಡನ್ನು ಕಟ್ಟಿದವರು ಬ್ಲ್ಯಾಕ್‌ವೆಲ್. ಇಬ್ಬರ ಹೆಸರೂ ಇದೆ, ಇದು ನ್ಯಾಯವಾಗಿಯೇ ಇದೆ. ಕಪ್ಪು ಕವಿ ಕಟ್ಟಿದ ಈ ಹಾಡು ಬಿಳಿಯರ ಕಂಟ್ರಿ ಪಟ್ಟಿಯಲ್ಲಿ ಮೊದಲನೆಯದಾಗಿ, ಪಾಪ್ ಪಟ್ಟಿಯಲ್ಲಿ ಎರಡನೆಯದಾಗಿ ನಿಂತಿತು.

‘ರಿಟರ್ನ್ ಟು ಸೆಂಡರ್’ ಎಂದರೆ ಅಂಚೆಯವರ ಷರಾ ಅಲ್ಲವೇ?

ಹೌದು, ವಿಳಾಸದಾರರು ಸಿಗದೆ ಕಾಗದ ಮರಳಿ ಬರುವಾಗ ಹಾಕುವ ಷರಾ. ಬ್ಲ್ಯಾಕ್‌ವೆಲ್ ಮತ್ತು ವಿನ್‌ಫೀಲ್ಡ್ ಸ್ಕಾಟ್ ಕಳಿಸಿದ್ದ ಡೆಮೊ ಒಂದು ಅಂತಹ ಮುದ್ರೆ ಹೊತ್ತು ಹಿಂದಿರುಗಿದಾಗ, ಅದನ್ನೇ ಪಲ್ಲವಿ ಮಾಡಿದರು. ಎಲ್ವಿಸ್ 1962ರ ಚಲನಚಿತ್ರವೊಂದಕ್ಕೆ ಇದನ್ನು ಹಾಡಿದರು. ಇಷ್ಟು ಹೊತ್ತಿಗೆ ಬರೆದವರ ಜಾಗದಲ್ಲಿ ಬರೆದವರಿಬ್ಬರ ಹೆಸರು ಮಾತ್ರ ಇದೆ ಎಂಬುದನ್ನು ಗಮನಿಸಿ.

ನಮ್ಮ ಪದಗಳಿಗೂ ಈ ಪರದೇಶದ ಹಾಡುಗಳಿಗೂ ಏನು ಸಂಬಂಧ? ಇವನ್ನು ಇಲ್ಲಿ ಏಕೆ ಕೇಳಬೇಕು?

ಅಂಕಿತದ ಕಾರಣಕ್ಕಾಗಿ. ಹರದೇಶಿ ನಾಗೇಶಿ ವಾದದ ಹಾಡುಗಳನ್ನು ರಾತ್ರಿಯಿಡೀ ಕುಳಿತು ಕೇಳಿದವರಿಗೆ ಗೊತ್ತು: ಪದ ಮುಗಿಯುವ ಮುನ್ನ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಪದ ಕಟ್ಟಿದವನ ಹೆಸರು ಬರುತ್ತದೆ. ಹಲಸಂಗಿಯ ಖಾಜಾಭಾಯಿ ಅವರ ಲಾವಣಿಯನ್ನು ಯಾವ ಊರಿನ ಮೇಳ ಎತ್ತಿಕೊಂಡರೂ ದಪ್ಪಿನ ಪೆಟ್ಟಿಗೆ ಸರಿಯಾಗಿ ಅವರ ಹೆಸರನ್ನು ಹಾಡಲೇಬೇಕು, ಏಕೆಂದರೆ ಹೆಸರು ಪ್ರಾಸದಲ್ಲಿ ಹೆಣೆದುಕೊಂಡಿದೆ, ಕಿತ್ತರೆ ನುಡಿ ಕುಂಟುತ್ತದೆ. ಇಂದು ಮೊಬೈಲಿನಲ್ಲಿ ಹರಿದಾಡುವ, ಬೆಳಗಾವಿಯಿಂದ ಬಾಗಲಕೋಟೆಯವರೆಗೆ ಟ್ರ್ಯಾಕ್ಟರುಗಳ ಮೇಲೆ ಮೊಳಗುವ ಜಾನಪದ ಶೈಲಿಯ ಎಷ್ಟೋ ಹಾಡುಗಳಲ್ಲೂ ಈ ಪದ್ಧತಿ ಉಳಿದಿದೆ. ಬ್ಲ್ಯಾಕ್‌ವೆಲ್ ಅವರ ಹೆಸರು ಹಾಡಿನೊಳಗೆ ಇರಲಿಲ್ಲ, ಕಾಗದದ ಮೇಲಿತ್ತು. ಹಾಡು ಕಾಗದ ಬಿಟ್ಟು ಗಾಳಿಗೇರಿದ ಕೂಡಲೇ ಹೆಸರು ಉದುರಿತು.

ಹಾಗೆಂದು ನಾವು ಬೀಗುವ ಹಾಗಿಲ್ಲ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನವನ್ನು ತೆರೆದು ನೋಡಿ. ಬೀಸುವ ಕಲ್ಲಿನ ಮುಂದೆ ಕುಳಿತು ಆ ತ್ರಿಪದಿಗಳನ್ನು ಕಟ್ಟಿದ ತಾಯಂದಿರಲ್ಲಿ ಒಬ್ಬರ ಅಂಕಿತವೂ ಇಲ್ಲ. ದಪ್ಪು ಹಿಡಿದ ಗಂಡಸಿಗೆ ಇದ್ದ ಸೌಲಭ್ಯ ರಾಗಿ ಜೋಳ ಬೀಸುತ್ತಿದ್ದವಳಿಗೆ ಇರಲಿಲ್ಲ.

ಇಂದು ನಮ್ಮ ಕಡೆ ಹಾಡು ಬರೆಯುವ ಹುಡುಗರಿಗೆ ಕಾನೂನಿನ ರಕ್ಷಣೆ ಇದೆಯೇ?

ಇದೆ, ಬ್ಲ್ಯಾಕ್‌ವೆಲ್ ಅವರಿಗೆ 1955ರಲ್ಲಿ ಇದ್ದುದಕ್ಕಿಂತ ಹೆಚ್ಚಾಗಿಯೇ ಇದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕನ್ನು ಬಾಯಿಮಾತಿನಲ್ಲಿ ವರ್ಗಾಯಿಸಲು ಬರುವುದಿಲ್ಲ, ಬರಹದಲ್ಲಿ ಇರಬೇಕು, ಸಹಿ ಇರಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೇ ಲೆಕ್ಕ. ಹಕ್ಕನ್ನು ಮಾರಿದ ಮೇಲೂ ಇದು ನನ್ನ ರಚನೆ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ. ಸಿನಿಮಾ ಅಥವಾ ಧ್ವನಿಮುದ್ರಿಕೆಗೆ ಬರೆದ ಹಾಡಿನಿಂದ ಮುಂದೆ ಬರುವ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ, ಅದನ್ನು ಸ್ಟುಡಿಯೋದವರು ಬರೆಸಿಕೊಳ್ಳುವಂತಿಲ್ಲ. ಆದರೂ ಒಂದು ಚಹಾದ ಮೇಲೆ, ಒಂದು ಜಾತ್ರೆಯ ಖರ್ಚಿಗಾಗಿ, ಪೂರ್ತಿ ಹಾಡನ್ನು ಕೊಟ್ಟು ಬರುವ ಹುಡುಗರನ್ನು ನಾನು ಕಂಡಿದ್ದೇನೆ. ಸಹಿ ಮಾಡುವ ಮುನ್ನ ಓದಿಸಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.

ಅವರಿಗೆ ಬದುಕಿದ್ದಾಗ ಗೌರವ ಸಿಗಲೇ ಇಲ್ಲವೇ?

ತಡವಾಗಿ ಸಿಕ್ಕಿತು. ದೂರದರ್ಶನದಲ್ಲಿ ಡೇವಿಡ್ ಲೆಟರ್‌ಮನ್ ಅವರ ಕಾರ್ಯಕ್ರಮದಲ್ಲಿ 1984ರಲ್ಲಿ ಕಾಣಿಸಿಕೊಂಡು ತಮ್ಮ ಹಾಡುಗಳನ್ನು ತಾವೇ ಹಾಡಿದಾಗ, ಎಷ್ಟೋ ಜನ ಮೊದಲ ಬಾರಿಗೆ ಅವರ ಮುಖ ಕಂಡರು. ನ್ಯಾಶ್‌ವಿಲ್‌ನ ಹಾಡು ಕಟ್ಟುವವರ ಗೌರವಪಟ್ಟಿಗೆ 1986ರಲ್ಲೂ ರಾಷ್ಟ್ರಮಟ್ಟದ ಪಟ್ಟಿಗೆ 1991ರಲ್ಲೂ ಸೇರಿದರು. ಆ 1991ರಲ್ಲೇ ಪಾರ್ಶ್ವವಾಯು ಬಡಿದು ಮಾತು ಮತ್ತು ಕೈ ಸೋತವು. ರಾಕ್ ಅಂಡ್ ರೋಲ್ ಸಂಗೀತದ ಗೌರವಪಟ್ಟಿಗೆ ಸೇರಿಸಿದ್ದು 2010ರಲ್ಲಿ, ಅವರು ತೀರಿಕೊಂಡು ಎಂಟು ವರ್ಷವಾದ ಮೇಲೆ.

ಅವರದೇ ದನಿಯನ್ನು ಕೇಳಬೇಕಾದರೆ? ಯಾವ ಕ್ರಮದಲ್ಲಿ ಕೇಳಬೇಕು?

ಮೊದಲು ಅವರು 1953ರಲ್ಲಿ ಹಾಡಿದ ‘ಡ್ಯಾಡಿ ರೋಲಿಂಗ್ ಸ್ಟೋನ್’ ಕೇಳಿ. ಇಂಗ್ಲೆಂಡಿನ ದ ಹೂ ತಂಡ 1965ರಲ್ಲಿ ಎತ್ತಿಕೊಂಡ ಹಾಡು ಅದು. ಬಳಿಕ ಲಿಟ್ಲ್ ವಿಲಿ ಜಾನ್ ಅವರ ‘ಫೀವರ್’, ಆಮೇಲೆ ಎಲ್ವಿಸ್ ಅವರ ಎರಡು ಹಾಡುಗಳು. ಮೊದಲನೆಯದನ್ನು ಕೇಳಿದ ಕಿವಿಗೆ ಎಲ್ವಿಸ್ ದನಿಯ ಬಿಕ್ಕುಗಳು ಎಲ್ಲಿಂದ ಬಂದವೆಂದು ನಾನು ವಿವರಿಸಬೇಕಾಗುವುದಿಲ್ಲ.

ಕೊನೆಗೆ ‘ಹ್ಯಾಂಡಿ ಮ್ಯಾನ್’ ಹಾಡನ್ನು ಎರಡು ಸಲ ಕೇಳಿ. ಜೇಮ್ಸ್ ಟೇಲರ್ ಅದನ್ನು 1977ರಲ್ಲಿ ನಿಧಾನಗೊಳಿಸಿ, ಜೋಗುಳದ ಹದಕ್ಕಿಳಿಸಿ ಹಾಡಿ ಗ್ರ್ಯಾಮಿ ಪ್ರಶಸ್ತಿ ಪಡೆದರು, ಅದನ್ನು ಮೊದಲು ಕೇಳಿ. ಆಮೇಲೆ 1959ರಲ್ಲಿ ಬಿಡುಗಡೆಯಾದ ಜಿಮ್ಮಿ ಜೋನ್ಸ್ ಅವರ ಮೂಲಕ್ಕೆ ಬನ್ನಿ. ಅದರ ಮುದ್ರಣದ ದಿನ ಕೊಳಲಿನವರು ಬರಲಿಲ್ಲ, ಆ ಜಾಗವನ್ನು ಯಾರೋ ಸಿಳ್ಳೆ ಹೊಡೆದು ತುಂಬಿದ್ದಾರೆ. ಸಿಳ್ಳೆ ಹೊಡೆದವರು ಬ್ಲ್ಯಾಕ್‌ವೆಲ್.